ಹಳೆ ಕಂಪ್ಯೂಟರ್ ಆಗೊಮ್ಮೆ ಈಗೊಮ್ಮೆ ಕೈಕೊಡುತ್ತಿದೆಯಾ? ರ್ಯಾಮ್ ದೋಷ ಹುಡುಕುವ ಕ್ರಮ

ಶಿರಸಿಯಲ್ಲಿ ನನ್ನ ತಮ್ಮನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಬಿಲ್ ಪುಸ್ತಕ, ಸಂಘಗಳ ವಾರ್ಷಿಕ ವರದಿ, ಇಂಥ ಕೆಲಸ. ಅಲ್ಲಿರುವುದು ಕೋರ್ 2 ಡ್ಯುಯೋ ಪ್ರೊಸೆಸರ್, ಜಿ41 ಚಿಪ್‌ಸೆಟ್‌ನ ಮದರ್‌ಬೋರ್ಡ್ ಇರುವ ಹಳೆ ಕಂಪ್ಯೂಟರ್. 2 ಜಿಬಿಯ ಎರಡು ಡಿಡಿಆರ್3 ಮಾದರಿಯ ರ್ಯಾಮ್ ಸ್ಟಿಕ್. ರ್ಯಾಮ್ ಎಂದರೆ ಕೆಲಸ ನಡೆಯುವಾಗ ಕಂಪ್ಯೂಟರ್ ಮಾಹಿತಿ ಇಟ್ಟುಕೊಳ್ಳುವ ತಾತ್ಕಾಲಿಕ ಮೆಮೊರಿ, ಸ್ಟಿಕ್ ಎಂದರೆ ಅದರ ಪಟ್ಟಿ. ಪುಟ ಜೋಡಿಸುವ ಪೇಜ್‌ಮೇಕರ್, ಕನ್ನಡ ಟೈಪಿಸುವ ನುಡಿ ಎಲ್ಲ ಅದರಲ್ಲೇ ಇವೆ. ಹತ್ತು ವರ್ಷದ ಫೈಲುಗಳು ಹಳೆ ನುಡಿ ಫಾಂಟಿನಲ್ಲೇ ಇವೆ. ಹಾಗಾಗಿ "ಹೊಸದು ತಗೊಂಡುಬಿಡು" ಎಂದು ಹೇಳಿದಷ್ಟು ಸುಲಭವಲ್ಲ.

ಒಂದು ಮಳೆಗಾಲದಲ್ಲಿ ಅದು ಕಾಟ ಕೊಡಲು ಶುರು ಮಾಡಿತು. "ಅಣ್ಣಾ, ಇವತ್ತು ಮತ್ತೆ ತಾನಾಗೇ ಮುಚ್ಚಿಕೊಂಡಿತು" ಎಂದು ವಾರಕ್ಕೆ ಎರಡು ಸಲ ಫೋನ್ ಬರುತ್ತಿತ್ತು. ನಾನು ಹೋಗಿ ಕೂತರೆ ಅರ್ಧ ದಿನ ಏನೂ ಆಗುತ್ತಿರಲಿಲ್ಲ. ಅಷ್ಟರಲ್ಲಿ ಅವನು ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿಸಿದ್ದ. ದುಡ್ಡು ಹೋಯಿತು, ತೊಂದರೆ ಹಾಗೇ ಉಳಿಯಿತು. ಕೊನೆಗೆ ಸಿಕ್ಕಿದ್ದು ಒಂದು ಕೆಟ್ಟ ಸ್ಟಿಕ್. ಅದನ್ನು ಹುಡುಕಿದ ಕ್ರಮವನ್ನು, ಅದರಲ್ಲಿ ನಾವು ಮಾಡಿದ ತಪ್ಪುಗಳ ಸಮೇತ, ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಯಂತ್ರ ಬೇರೆ ಇರಬಹುದು. ಹುಡುಕುವ ಕ್ರಮ ಹೆಚ್ಚುಕಡಿಮೆ ಇದೇ.

ಒಂದು ದಿನ ಸರಿ, ಒಂದು ದಿನ ತಪ್ಪು, ಯಾಕೆ ಹೀಗೆ?

ಇದು ಗೊತ್ತಾದರೆ ಅರ್ಧ ಕೆಲಸ ಆದಂತೆ. ರ್ಯಾಮ್ ಒಳಗೆ ಒಂದೊಂದು ಬಿಟ್‌ಗೂ (ಮಾಹಿತಿಯ ಅತಿ ಚಿಕ್ಕ ತುಣುಕು, 0 ಅಥವಾ 1) ಚಾರ್ಜ್ ಹಿಡಿದಿಡುವ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. 4 ಜಿಬಿಯಲ್ಲಿ ಇಂಥವು ಸುಮಾರು 3,436 ಕೋಟಿ. ಪ್ರತಿಯೊಂದರಲ್ಲೂ ತುಂಬಿದ ಚಾರ್ಜ್ ನಿಧಾನವಾಗಿ ಸೋರುತ್ತಲೇ ಇರುತ್ತದೆ. ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಮತ್ತೆ ತುಂಬಿಸಲಾಗುತ್ತದೆ. ವಯಸ್ಸಾದ ಸ್ಟಿಕ್‌ನಲ್ಲಿ ಒಂದೆರಡು ಕೋಶಗಳು ಆ 64 ಮಿಲಿಸೆಕೆಂಡು ಕೂಡ ತಡೆಯದೆ ಸೋರಿಬಿಡಬಹುದು. ಬಿಸಿ ಜಾಸ್ತಿಯಾದರೆ ಸೋರುವಿಕೆಯೂ ಜಾಸ್ತಿ.

ಈಗ ಆ ಒಂದು ಕೆಟ್ಟ ಜಾಗದಲ್ಲಿ ಏನಿತ್ತು ಎನ್ನುವುದರ ಮೇಲೆ ಎಲ್ಲ ನಿಂತಿದೆ. ಅಲ್ಲಿ ಫೋಟೋದ ಒಂದು ಚುಕ್ಕೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಪೇಜ್‌ಮೇಕರ್‌ನ ಕೋಡ್ ಇದ್ದರೆ ಅದು ಮುಚ್ಚಿಕೊಳ್ಳುತ್ತದೆ. ವಿಂಡೋಸ್‌ನ ಒಳಭಾಗವೇ ಇದ್ದರೆ ನೀಲಿ ಪರದೆ ಬಂದು ಇಡೀ ಕಂಪ್ಯೂಟರ್ ನಿಂತುಬಿಡುತ್ತದೆ. ಬೆಳಿಗ್ಗೆ ಒಂದೇ ಫೈಲ್ ತೆರೆದಾಗ ಆ ಜಾಗ ಖಾಲಿ ಇರಬಹುದು. ಮಧ್ಯಾಹ್ನ ನಾಲ್ಕು ಫೈಲ್, ಬ್ರೌಸರ್ ಎಲ್ಲ ತೆರೆದಾಗ ಅಲ್ಲಿಯವರೆಗೂ ತುಂಬಿಕೊಳ್ಳುತ್ತದೆ. ನಾನು ಬೆಳಿಗ್ಗೆ ಹೋಗಿ ಕೂತಾಗ ಏನೂ ಆಗದಿದ್ದುದು ಹೀಗೆ.

ಮೊದಲು ಫೈಲ್ ಉಳಿಸಿಕೊಳ್ಳಿ

ಇದನ್ನು ನಾನು ಒತ್ತಿ ಹೇಳುತ್ತೇನೆ. ಕೆಟ್ಟ ರ್ಯಾಮ್‌ನ ದೊಡ್ಡ ಹಾನಿ ನೀಲಿ ಪರದೆ ಅಲ್ಲ. ನೀಲಿ ಪರದೆ ಕಣ್ಣಿಗೆ ಕಾಣುತ್ತದೆ. ಕಾಣದೆ ಆಗುವುದು ಫೈಲುಗಳ ಹಾನಿ. ನೀವು ಕಾಪಿ ಮಾಡುವ, ಸೇವ್ ಮಾಡುವ ಪ್ರತಿಯೊಂದು ಫೈಲೂ ರ್ಯಾಮ್ ಮೂಲಕವೇ ಹೋಗುತ್ತದೆ. ದಾರಿಯಲ್ಲಿ ಒಂದು ಬಿಟ್ ತಿರುಗಿದರೆ ಡಿಸ್ಕ್‌ಗೆ ಹೋಗಿ ಕೂರುವುದು ತಪ್ಪು ಫೈಲ್. ಮನೆಯ ಮತ್ತು ಅಂಗಡಿಯ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಇಸಿಸಿ ಎಂಬ ತಪ್ಪು ತಿದ್ದುವ ರ್ಯಾಮ್ ಇರುವುದಿಲ್ಲ. ಹಾಗಾಗಿ ಯಾವ ಎಚ್ಚರಿಕೆಯೂ ಬರುವುದಿಲ್ಲ. ತಮ್ಮನ ಅಂಗಡಿಯಲ್ಲಿ ಮೂರು ಫೋಟೋಗಳು ಅರ್ಧದಿಂದ ಕೆಳಗೆ ಬೂದು ಬಣ್ಣ ಆಗಿದ್ದವು. ಪೆನ್‌ಡ್ರೈವ್ ಕೆಟ್ಟಿದೆ ಎಂದುಕೊಂಡು ನಾವು ಅದನ್ನು ಬಿಟ್ಟುಬಿಟ್ಟಿದ್ದೆವು.

ಆದ್ದರಿಂದ ರ್ಯಾಮ್ ಮೇಲೆ ಅನುಮಾನ ಬಂದ ತಕ್ಷಣ ಅದೇ ಯಂತ್ರದಲ್ಲಿ ಬ್ಯಾಕಪ್ ತೆಗೆಯಲು ಕೂರಬೇಡಿ. ಹಾರ್ಡ್ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಬಲ್ ಅಥವಾ ಡಬ್ಬಿ ಮೂಲಕ ಬೇರೆ ಒಳ್ಳೆ ಕಂಪ್ಯೂಟರ್‌ಗೆ ಜೋಡಿಸಿ ಕಾಪಿ ಮಾಡಿ. ಹಳೆ ಬ್ಯಾಕಪ್ ಇದ್ದರೆ ಅದರ ಮೇಲೆ ಹೊಸದನ್ನು ಬರೆಯಬೇಡಿ. ಬೇರೆ ಫೋಲ್ಡರ್‌ನಲ್ಲಿ ಇಡಿ. ತೊಂದರೆ ಶುರುವಾಗುವ ಮೊದಲಿನ ಪ್ರತಿ ಆಮೇಲೆ ತುಂಬಾ ಬೇಕಾಗುತ್ತದೆ.

ಹಂತ 1: ಒಂದು ವಾರ ಬರೆದಿಡಿ

ಕಂಪ್ಯೂಟರ್ ಪಕ್ಕದಲ್ಲೇ ಒಂದು ನೋಟ್‌ಬುಕ್ ಇಡಿ. ಎಷ್ಟು ಗಂಟೆಗೆ ಆಯಿತು, ಏನೇನು ತೆರೆದಿತ್ತು, ಪರದೆ ಮೇಲೆ ಏನು ಬಂತು, ಇಷ್ಟು ಸಾಕು. ಮೆಸೇಜಿನ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ವಿಂಡೋಸ್ ತಾನೂ ಒಂದು ಲೆಕ್ಕ ಇಟ್ಟಿರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಎಂದು ಹುಡುಕಿದರೆ ದಿನವಾರು ಪಟ್ಟಿ ಬರುತ್ತದೆ. ಕೆಂಪು ಗುರುತು ಇರುವ ದಿನ ಒತ್ತಿ ನೋಡಿ.

ಬರೆದದ್ದನ್ನು ಹೀಗೆ ಓದಿ. ಯಾವಾಗಲೂ ಒಂದೇ ಪ್ರೋಗ್ರಾಂ, ಅದೂ ಒಂದೇ ಕೆಲಸ ಮಾಡುವಾಗ ಬೀಳುತ್ತಿದ್ದರೆ ತಪ್ಪು ಹೆಚ್ಚಾಗಿ ಆ ಪ್ರೋಗ್ರಾಂನದು, ಇಲ್ಲವೇ ಆ ಫೈಲ್‌ನದು. ಇವತ್ತು ಬ್ರೌಸರ್, ನಾಳೆ ಪೇಜ್‌ಮೇಕರ್, ನಾಡಿದ್ದು ನೀಲಿ ಪರದೆ, ಅದರಲ್ಲೂ ಪ್ರತಿ ಸಲ ಬೇರೆ ಬೇರೆ ಕಾರಣ ತೋರಿಸುತ್ತಿದ್ದರೆ ಯಂತ್ರದ ಕಡೆ ನೋಡಬೇಕು. ಮೆಮೊರಿ ಮ್ಯಾನೇಜ್‌ಮೆಂಟ್, ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ, ಪಿಎಫ್‌ಎನ್ ಲಿಸ್ಟ್ ಕರಪ್ಟ್, ಈ ಹೆಸರುಗಳು ನೀಲಿ ಪರದೆಯಲ್ಲಿ ಸರದಿಯಾಗಿ ಬಂದರೆ ಅನುಮಾನ ಗಟ್ಟಿ. ಆದರೆ ಕೆಟ್ಟ ಡ್ರೈವರ್ (ಪ್ರಿಂಟರ್‌ನಂಥ ಸಾಧನವನ್ನು ನಡೆಸುವ ಪ್ರೋಗ್ರಾಂ) ಕೂಡ ಇವೇ ಹೆಸರುಗಳನ್ನು ತರಬಲ್ಲದು. ಒಂದೇ ಒಂದು ಸಲ ಬಂದದ್ದನ್ನು ನೋಡಿ ರ್ಯಾಮ್ ಕೊಳ್ಳಲು ಹೋಗಬೇಡಿ.

ಹಂತ 2: ತುಂಬಿದೆಯೋ, ಕೆಟ್ಟಿದೆಯೋ?

ರ್ಯಾಮ್ ಸಾಲದೆ ಇರುವುದು ಬೇರೆ, ರ್ಯಾಮ್ ಕೆಟ್ಟಿರುವುದು ಬೇರೆ. ಇವೆರಡನ್ನೂ ಒಂದೇ ಎಂದುಕೊಂಡವರೇ ಜಾಸ್ತಿ.

"ಔಟ್ ಆಫ್ ಮೆಮೊರಿ", "ಲೋ ಆನ್ ಮೆಮೊರಿ" ಎಂದು ಬಂದರೆ ಮೊದಲು ಸಿ ಡ್ರೈವ್‌ನಲ್ಲಿ ಜಾಗ ಎಷ್ಟಿದೆ ನೋಡಿ. ರ್ಯಾಮ್ ತುಂಬಿದಾಗ ವಿಂಡೋಸ್ ಡಿಸ್ಕ್‌ನಲ್ಲಿರುವ ಪೇಜ್ ಫೈಲ್ ಬಳಸುತ್ತದೆ. ಸಿ ಡ್ರೈವ್ ಭರ್ತಿಯಾಗಿದ್ದರೆ ಆ ಫೈಲ್ ಬೆಳೆಯಲು ಜಾಗವೇ ಇರುವುದಿಲ್ಲ. ಹಳೆ ಯಂತ್ರಗಳಲ್ಲಿ ಇದು ತುಂಬಾ ಸಾಮಾನ್ಯ. ಕೆಲವರು ವೇಗ ಬರಲಿ ಎಂದು ಪೇಜ್ ಫೈಲನ್ನೇ ತೆಗೆಸಿರುತ್ತಾರೆ. ಅದನ್ನು ಮತ್ತೆ ವಿಂಡೋಸೇ ನೋಡಿಕೊಳ್ಳುವ ಹಾಗೆ ಮಾಡಿ. ಸಿ ಡ್ರೈವ್‌ನಲ್ಲಿ ಹತ್ತು ಜಿಬಿಯಾದರೂ ಖಾಲಿ ಇಡಿ.

ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ನೋಡಿ. ಯಾವುದೋ ಒಂದು ಪ್ರೋಗ್ರಾಂ ಸುಮ್ನೆ ಕೂತಿದ್ದರೂ ತಿನ್ನುವ ಮೆಮೊರಿ ಏರುತ್ತಲೇ ಇದ್ದರೆ ಅದು ತೆಗೆದುಕೊಂಡದ್ದನ್ನು ವಾಪಸ್ ಕೊಡುತ್ತಿಲ್ಲ ಎಂದರ್ಥ. ಪ್ರಿಂಟರ್ ಜೊತೆ ಬರುವ ಪ್ರೋಗ್ರಾಂಗಳು, ಬ್ರೌಸರ್ ಎಕ್ಸ್‌ಟೆನ್ಷನ್‌ಗಳು, ಇವುಗಳ ಮೇಲೆ ಒಂದು ಕಣ್ಣಿಡಿ. ಹೊಸ ಆವೃತ್ತಿ ಹಾಕಿ, ಇಲ್ಲವೇ ತೆಗೆದುಬಿಡಿ.

ಇನ್ನೊಂದು ವಿಷಯ. ವಿಂಡೋಸ್ 32 ಬಿಟ್‌ನದಾಗಿದ್ದರೆ 4 ಜಿಬಿ ಹಾಕಿದರೂ ಪೂರ್ತಿ ಬಳಕೆಗೆ ಸಿಗುವುದಿಲ್ಲ. ಮೂರು, ಮೂರೂವರೆ ಜಿಬಿ ಮಾತ್ರ ತೋರಿಸುತ್ತದೆ. ಅದು ದೋಷವಲ್ಲ, ಅದರ ಮಿತಿ. 32 ಬಿಟ್‌ನ ಹಳೆ ಪ್ರೋಗ್ರಾಂ ಒಂದಕ್ಕೆ ಸಾಮಾನ್ಯವಾಗಿ 2 ಜಿಬಿಗಿಂತ ಜಾಸ್ತಿ ಸಿಗುವುದೂ ಇಲ್ಲ. ಅಂಥ ಪ್ರೋಗ್ರಾಂ ದೊಡ್ಡ ಫೋಟೋಗಳಿಗೆ ಅಳುತ್ತಿದ್ದರೆ 8 ಜಿಬಿ ಹಾಕಿದರೂ ಅಳು ನಿಲ್ಲುವುದಿಲ್ಲ. ಫೋಟೋಗಳನ್ನು ಚಿಕ್ಕದು ಮಾಡಬೇಕು, ಇಲ್ಲವೇ ಫೈಲನ್ನು ಎರಡು ಭಾಗ ಮಾಡಬೇಕು.

ಮೆಮೊರಿ ಅರ್ಧ ಖಾಲಿ ಇದ್ದಾಗಲೂ ಪ್ರೋಗ್ರಾಂ ಬೀಳುತ್ತಿದೆಯಾ? "ಮೆಮೊರಿ ಕುಡ್ ನಾಟ್ ಬಿ ರೆಡ್" ಎಂದು ಬೇರೆ ಬೇರೆ ಪ್ರೋಗ್ರಾಂಗಳಲ್ಲಿ ಬರುತ್ತಿದೆಯಾ? ಹಾಗಾದರೆ ಮುಂದಕ್ಕೆ ಹೋಗೋಣ.

ಹಂತ 3: ಹತ್ತು ನಿಮಿಷದ ಸಣ್ಣ ಪರೀಕ್ಷೆ

ಕ್ಯಾಬಿನೆಟ್ ತೆರೆಯುವ ಮೊದಲು ಇದನ್ನು ಮಾಡಿ. ಸೆವೆನ್ ಝಿಪ್ ಎಂಬ ಉಚಿತ ಪ್ರೋಗ್ರಾಂ ಇದ್ದರೆ ಒಂದೆರಡು ಜಿಬಿಯ ದೊಡ್ಡ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಸಿಆರ್‌ಸಿ ಎಸ್‌ಎಚ್‌ಎ ಪಟ್ಟಿಯಲ್ಲಿ ಎಸ್‌ಎಚ್‌ಎ 256 ಆರಿಸಿ. ಉದ್ದನೆಯ ಒಂದು ಸಂಖ್ಯೆ ಬರುತ್ತದೆ. ಅದು ಆ ಫೈಲಿನ ಬೆರಳಚ್ಚು ಇದ್ದ ಹಾಗೆ. ಬೇರೆ ಪ್ರೋಗ್ರಾಂಗಳನ್ನೂ ತೆರೆದಿಟ್ಟು ನಾಲ್ಕೈದು ಸಲ ಹೀಗೇ ಮಾಡಿ. ಫೈಲ್ ಬದಲಾಗಿಲ್ಲ ಅಲ್ವಾ, ಸಂಖ್ಯೆಯೂ ಬದಲಾಗಬಾರದು. ಒಂದು ಸಲ ಬೇರೆ ಬಂದರೂ ಯಂತ್ರದಲ್ಲಿ ತಪ್ಪಿದೆ. ರ್ಯಾಮ್, ಡಿಸ್ಕ್ ಕೇಬಲ್, ಇವುಗಳ ಮೇಲೆ ಮೊದಲು ಅನುಮಾನ ಪಡಬಹುದು. ತಮ್ಮನ ಯಂತ್ರದಲ್ಲಿ ನಾಲ್ಕನೇ ಸಲ ಬೇರೆ ಸಂಖ್ಯೆ ಬಂತು. ತೊಂದರೆ ನನ್ನ ಕಣ್ಣೆದುರೇ ಸಿಕ್ಕಿದ್ದು ಅದೇ ಮೊದಲು.

ಪ್ರತಿ ಸಲವೂ ಒಂದೇ ಬಂದರೆ ರ್ಯಾಮ್ ಒಳ್ಳೆಯದು ಎಂದಲ್ಲ. ಮುಂದಿನ ಹಂತ ಮಾಡಲೇಬೇಕು.

ಹಂತ 4: ಬಿಚ್ಚಿ, ಒರೆಸಿ, ಮತ್ತೆ ಕೂರಿಸಿ

ಪ್ಲಗ್ ತೆಗೆಯಿರಿ. ಸ್ವಿಚ್ ಆರಿಸಿದರೆ ಸಾಲದು. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಹೋಗುತ್ತದೆ. ಲ್ಯಾಪ್‌ಟಾಪ್ ಆದರೆ ಬ್ಯಾಟರಿಯನ್ನೂ ತೆಗೆಯಿರಿ. ರ್ಯಾಮ್ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ. ಸ್ಟಿಕ್‌ನ ಅಂಚು ಮಾತ್ರ ಹಿಡಿಯಿರಿ.

ಎರಡೂ ಬದಿಯ ಕೊಕ್ಕೆ ತೆರೆದು ಸ್ಟಿಕ್ ಹೊರಗೆ ತೆಗೆಯಿರಿ. ಯಾವುದು ಯಾವ ಸ್ಲಾಟ್‌ನಲ್ಲಿತ್ತು ಎಂದು ಮೊದಲೇ ಫೋಟೋ ತೆಗೆದಿಡಿ. ಮಲೆನಾಡು, ಕರಾವಳಿಯ ಕಡೆ ಮಳೆಗಾಲದ ತೇವಕ್ಕೆ ಬಂಗಾರ ಬಣ್ಣದ ಪಿನ್‌ಗಳ ಮೇಲೆ ತೆಳುವಾದ ಕೊಳೆ ಕೂರುತ್ತದೆ. ರಿಪೇರಿ ಮಾಡುವವರೆಲ್ಲ ಪೆನ್ಸಿಲ್ ರಬ್ಬರ್‌ನಲ್ಲಿ ಉಜ್ಜುತ್ತಾರೆ. ಅದು ಕೆಲಸ ಮಾಡುತ್ತದೆ, ಆದರೆ ಬಿಳಿಯ ಮೆತ್ತನೆ ರಬ್ಬರ್ ಇರಲಿ, ಗಟ್ಟಿಯಾಗಿ ತಿಕ್ಕಬೇಡಿ. ಬಂಗಾರದ ಲೇಪ ತುಂಬಾ ತೆಳು. ರಬ್ಬರ್ ಪುಡಿ ಒಂದೂ ಉಳಿಯಬಾರದು. ನನಗೆ ಇದಕ್ಕಿಂತ ಇಷ್ಟವಾಗುವುದು ಐಸೊಪ್ರೊಪೈಲ್ ಆಲ್ಕೋಹಾಲ್. ನೂಲು ಬಿಡದ ಬಟ್ಟೆಗೆ ಸ್ವಲ್ಪ ಹಾಕಿ ಒರೆಸಿ, ಪೂರ್ತಿ ಒಣಗಲು ಬಿಡಿ. ಸ್ಲಾಟ್ ಒಳಗಿನ ಧೂಳನ್ನು ಒಣಗಿದ ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಬಾಯಲ್ಲಿ ಊದಬೇಡಿ, ಉಸಿರಿನ ತೇವ ಒಳಗೆ ಹೋಗುತ್ತದೆ. ಮತ್ತೆ ಕೂರಿಸುವಾಗ ಎರಡೂ ಕಡೆ ಟಕ್ ಎನ್ನುವ ಶಬ್ದ ಕೇಳಬೇಕು.

ಕ್ಯಾಬಿನೆಟ್ ತೆರೆದಿರುವಾಗಲೇ ಬೋರ್ಡ್ ಮೇಲಿನ ಚಿಕ್ಕ ಡ್ರಮ್ಮಿನಂಥ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ಬಣ್ಣದ ದ್ರವ ಒಣಗಿದ್ದರೆ ರ್ಯಾಮ್ ಬದಲಿಸಿ ಪ್ರಯೋಜನವಿಲ್ಲ. 2000ದ ಆಸುಪಾಸಿನಿಂದ ಕೆಲವು ವರ್ಷ ಕೆಟ್ಟ ಕೆಪಾಸಿಟರ್‌ಗಳು ಬಹಳಷ್ಟು ಬೋರ್ಡ್‌ಗಳಲ್ಲಿ ಸೇರಿಕೊಂಡಿದ್ದವು. ಆ ಕಾಲದ ಯಂತ್ರವಾದರೆ ಇದನ್ನು ಮರೆಯಲೇಬಾರದು. ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯದ ಕರೆಂಟ್ ಉಳಿದಿರುತ್ತದೆ.

ನಮ್ಮ ತಪ್ಪು ಇಲ್ಲೇ ಆಗಿದ್ದು. ಒರೆಸಿ ಕೂರಿಸಿದ ಮೇಲೆ ಎರಡು ವಾರ ಏನೂ ತೊಂದರೆ ಆಗಲಿಲ್ಲ. ಸರಿಹೋಯಿತು ಎಂದು ಪರೀಕ್ಷೆ ಮಾಡದೆ ಬಿಟ್ಟೆವು. ಆಮೇಲೆ ಮದುವೆ ಸೀಸನ್ ಕೆಲಸದ ಮಧ್ಯೆ ಮತ್ತೆ ಶುರುವಾಯಿತು. ಒರೆಸಿದ ರಾತ್ರಿಯೇ ಮುಂದಿನ ಹಂತ ಮಾಡಿ.

ಹಂತ 5: ರಾತ್ರಿಯಿಡೀ ಮೆಮ್‌ಟೆಸ್ಟ್

ವಿಂಡೋಸ್‌ನಲ್ಲೇ ಮೆಮೊರಿ ಡಯಾಗ್ನಾಸ್ಟಿಕ್ ಇದೆ. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ ರೀಸ್ಟಾರ್ಟ್ ಕೊಟ್ಟರೆ ಶುರುವಾಗುತ್ತದೆ. ಶುರುವಾದಾಗ ಎಫ್1 ಒತ್ತಿ ಎಕ್ಸ್‌ಟೆಂಡೆಡ್ ಆರಿಸಿ, ಎಫ್10 ಒತ್ತಿ. ಇದು ತಪ್ಪು ತೋರಿಸಿದರೆ ನಂಬಬಹುದು. ತಪ್ಪಿಲ್ಲ ಎಂದರೆ ನಾನು ನಂಬುವುದಿಲ್ಲ.

ನಂಬಿಕೆಯ ಸಾಧನ ಮೆಮ್‌ಟೆಸ್ಟ್86 ಪ್ಲಸ್. ಉಚಿತ. 2022ರಲ್ಲಿ ಬಂದ 6ನೇ ಆವೃತ್ತಿಯಿಂದ ಹಳೆ ಬಯಾಸ್ ಯಂತ್ರಗಳಲ್ಲೂ ಹೊಸ ಯುಇಎಫ್‌ಐ ಯಂತ್ರಗಳಲ್ಲೂ ನಡೆಯುತ್ತದೆ. (ಬಯಾಸ್, ಯುಇಎಫ್‌ಐ ಎಂದರೆ ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ.) ಬೇರೆ ಒಳ್ಳೆ ಕಂಪ್ಯೂಟರ್‌ನಲ್ಲಿ ಅದನ್ನು ಇಳಿಸಿ ಪೆನ್‌ಡ್ರೈವ್‌ಗೆ ಹಾಕಿ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿಯದನ್ನೇ ಬಳಸಿ. ಆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ, ಅಂದರೆ ಕಂಪ್ಯೂಟರ್ ಶುರುಮಾಡಿದರೆ, ಪರೀಕ್ಷೆ ತಾನಾಗೇ ಶುರುವಾಗುತ್ತದೆ. ವಿಂಡೋಸ್ ಇಲ್ಲದೆ ನಡೆಯುವುದರಿಂದ ಡ್ರೈವರ್, ವೈರಸ್ ಯಾವುದರ ಗೊಡವೆಯೂ ಇಲ್ಲ.

ಒಂದು ಸುತ್ತು ಮುಗಿದು ಪಾಸ್ ಎಂದು ಬಂದ ಕೂಡಲೇ ನಿಲ್ಲಿಸಬೇಡಿ. ಆಗೊಮ್ಮೆ ಈಗೊಮ್ಮೆ ಬರುವ ತಪ್ಪು ಒಂದೇ ಸುತ್ತಿನಲ್ಲಿ ಸಿಗದೇ ಹೋಗಬಹುದು. ರಾತ್ರಿ ಅಂಗಡಿ ಮುಚ್ಚುವಾಗ ಹಾಕಿ, ಬೆಳಿಗ್ಗೆ ನೋಡಿ. ಬೇಸಿಗೆಯ ಮಧ್ಯಾಹ್ನ ಮಾತ್ರ ತೊಂದರೆ ಬರುವ ಯಂತ್ರವಾದರೆ ಕ್ಯಾಬಿನೆಟ್ ಮುಚ್ಚಿ ಮಧ್ಯಾಹ್ನವೇ ಪರೀಕ್ಷಿಸಿ. ರಾತ್ರಿಯ ತಂಪಿನಲ್ಲಿ ಅದು ಪಾಸ್ ಆಗಿಬಿಡಬಹುದು.

ಒಂದೇ ಒಂದು ಕೆಂಪು ಸಾಲು ಬಂದರೂ ಅದು ತಪ್ಪೇ. "ಇಷ್ಟು ಕೋಟಿಯಲ್ಲಿ ಒಂದು ತಾನೇ" ಎಂದು ಬಿಡಬೇಡಿ.

ಹಂತ 6: ಒಂದೊಂದೇ ಸ್ಟಿಕ್

ಎರಡು ಸ್ಟಿಕ್ ಇದ್ದಾಗ ಯಂತ್ರ ಎರಡರಲ್ಲೂ ಹಂಚಿ ಬರೆಯುತ್ತದೆ. ಹಾಗಾಗಿ ಮೆಮ್‌ಟೆಸ್ಟ್ ತೋರಿಸುವ ವಿಳಾಸ ನೋಡಿ ಯಾವ ಸ್ಟಿಕ್ ಎಂದು ಹೇಳಲು ಬರುವುದಿಲ್ಲ. ಒಂದನ್ನು ತೆಗೆದು ಇನ್ನೊಂದನ್ನು ಮಾತ್ರ ಪರೀಕ್ಷಿಸಬೇಕು. ಎರಡನ್ನೂ ಒಂದೇ ಸ್ಲಾಟ್‌ನಲ್ಲಿ ಒಂದಾದ ಮೇಲೊಂದು ಹಾಕಿ ನೋಡಿ. ಆಮೇಲೆ ತಪ್ಪು ಬಂದ ಸ್ಟಿಕ್ಕನ್ನು ಇನ್ನೊಂದು ಸ್ಲಾಟ್‌ಗೆ ಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಫಲಿತಾಂಶ ಅದೇ ನೋಟ್‌ಬುಕ್‌ನಲ್ಲಿ ಬರೆಯಿರಿ.

ಸ್ಟಿಕ್ ಎಲ್ಲಿ ಹೋದರೂ ತಪ್ಪು ಅದರ ಹಿಂದೆ ಹೋದರೆ ಸ್ಟಿಕ್ ಕೆಟ್ಟಿದೆ. ಯಾವ ಸ್ಟಿಕ್ ಹಾಕಿದರೂ ಒಂದೇ ಸ್ಲಾಟ್‌ನಲ್ಲಿ ತಪ್ಪು ಬಂದರೆ ಸ್ಲಾಟ್ ಕೆಟ್ಟಿದೆ. ಅದನ್ನು ಖಾಲಿ ಬಿಟ್ಟು ಇನ್ನೊಂದರಲ್ಲಿ ಕೆಲಸ ನಡೆಸಬಹುದು. ಒಂದೊಂದೇ ಇದ್ದಾಗ ಸರಿ, ಎರಡೂ ಸೇರಿದಾಗ ತಪ್ಪು ಎಂದಾದರೆ ಎರಡಕ್ಕೂ ಹೊಂದಾಣಿಕೆ ಇಲ್ಲ, ಇಲ್ಲವೇ ಬಯಾಸ್ ಸೆಟ್ಟಿಂಗ್ ಸರಿಯಿಲ್ಲ. ಬಯಾಸ್‌ನಲ್ಲಿ ಆಪ್ಟಿಮೈಜ್ಡ್ ಡಿಫಾಲ್ಟ್ಸ್ ಲೋಡ್ ಮಾಡಿ ನೋಡಿ. ಅದಕ್ಕೆ ಮುಂಚೆ ಸಾಟಾ ಮೋಡ್ (ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ವಿಧಾನ) ಐಡಿಇ ಇದೆಯೋ ಎಎಚ್‌ಸಿಐ ಇದೆಯೋ ಬರೆದಿಟ್ಟುಕೊಳ್ಳಿ. ಡಿಫಾಲ್ಟ್ ಮಾಡಿದಾಗ ಅದು ಬದಲಾದರೆ ವಿಂಡೋಸ್ ಬೂಟ್ ಆಗುವುದೇ ಇಲ್ಲ. ಪ್ರತಿ ಸಲ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡ್ ಮೇಲಿನ ಸಿಆರ್2032 ಬ್ಯಾಟರಿ ಬದಲಿಸಿ.

ಎಲ್ಲ ಸ್ಟಿಕ್, ಎಲ್ಲ ಸ್ಲಾಟ್‌ನಲ್ಲೂ ತಪ್ಪು ಬಂದರೆ ಎಸ್‌ಎಂಪಿಎಸ್ ಬದಲಿಸಿ ನೋಡಿ. ಆಮೇಲೂ ಬಂದರೆ ಬೋರ್ಡ್ ಕಡೆಗೆ ಬೊಟ್ಟು ಮಾಡಬೇಕು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಎನ್ನುತ್ತದೆಯಾ? ಅರ್ಥಿಂಗ್ ಸರಿಯಿಲ್ಲ. ಬೇರೆ ಎಲ್ಲ ಬಿಟ್ಟು ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಮೆಮ್‌ಟೆಸ್ಟ್ ರಾತ್ರಿಯಿಡೀ ಪಾಸ್ ಆಗಿ, ತೊಂದರೆ ಮಾತ್ರ ಮುಂದುವರಿದರೆ? ಅದು ಡಿಸ್ಕನ್ನಾಗಲಿ ಗ್ರಾಫಿಕ್ಸ್ ಕಾರ್ಡನ್ನಾಗಲಿ ದುಡಿಸುವುದಿಲ್ಲ. ಡಿಸ್ಕ್‌ನ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನೋಡಿ. ಸಾಟಾ ಕೇಬಲ್ ಬದಲಿಸಿ. ಪ್ರೊಸೆಸರ್ ಫ್ಯಾನ್‌ನ ಧೂಳು ತೆಗೆಯಿರಿ.

ಲಿನಕ್ಸ್ ಬಳಸುವವರಿಗೂ ಕ್ರಮ ಇದೇ. ಪ್ರೋಗ್ರಾಂ ಏಕಾಏಕಿ ಮಾಯವಾದರೆ ಕರ್ನಲ್ ಲಾಗ್‌ನಲ್ಲಿ "ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೋಸೆಸ್" ಇದೆಯಾ ನೋಡಿ. ಇದ್ದರೆ ರ್ಯಾಮ್ ತುಂಬಿತ್ತು ಎಂದರ್ಥ, ಸ್ವಾಪ್ (ಡಿಸ್ಕ್‌ನಲ್ಲಿ ಮೆಮೊರಿಗೆಂದು ಇಟ್ಟ ಜಾಗ) ಜಾಸ್ತಿ ಮಾಡಿ.

ಹಂತ 7: ಬದಲಿ ಸ್ಟಿಕ್ ಕೊಳ್ಳುವಾಗ

ಡಿಡಿಆರ್2, ಡಿಡಿಆರ್3, ಡಿಡಿಆರ್4 ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಸಿಪಿಯು‑ಝಡ್ ಎಂಬ ಉಚಿತ ಪ್ರೋಗ್ರಾಂ ನಿಮ್ಮಲ್ಲಿರುವುದು ಯಾವುದು ಎಂದು ತೋರಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ ವೋಲ್ಟೇಜ್ ಕೂಡ ನೋಡಿ. ಡಿಡಿಆರ್3 ಎಂದರೆ 1.5 ವೋಲ್ಟ್, ಡಿಡಿಆರ್3ಎಲ್ ಎಂದರೆ 1.35 ವೋಲ್ಟ್. ಡಿಡಿಆರ್3ಎಲ್ ಮಾತ್ರ ಒಪ್ಪುವ ಲ್ಯಾಪ್‌ಟಾಪ್‌ಗಳಿವೆ.

ಜಿ41 ಬೋರ್ಡ್ ಇದ್ದವರು ಇನ್ನೊಂದು ಮಾತು ಕೇಳಿ. 4 ಜಿಬಿಯ ಡಿಡಿಆರ್3 ಸ್ಟಿಕ್‌ನಲ್ಲಿ 8 ಚಿಪ್ ಮಾತ್ರ ಇದ್ದರೆ ಈ ಬೋರ್ಡ್‌ಗೆ ಆಗುವುದಿಲ್ಲ, ಎರಡೂ ಬದಿ ಸೇರಿ 16 ಚಿಪ್ ಇರಬೇಕು. ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ನನ್ನ ತಮ್ಮ ತರಿಸಿದ 8 ಚಿಪ್‌ನ ಸ್ಟಿಕ್ ಕೂರಿಸಿದರೆ ಬೂಟ್ ಆಗಲಿಲ್ಲ. ಸ್ಟಿಕ್ ಕೆಟ್ಟಿರಲಿಲ್ಲ, ನಾವೇ ಕೇಳದೆ ತರಿಸಿದ್ದೆವು. ಅಂಗಡಿಯವರು ಬದಲಿಸಿ 2 ಜಿಬಿಯದನ್ನು ಕೊಟ್ಟರು. ಹಾಗೆಯೇ "ಎಎಂಡಿಗೆ ಮಾತ್ರ" ಎಂದು ಅಗ್ಗಕ್ಕೆ ಸಿಗುವ 4 ಜಿಬಿಯ ಡಿಡಿಆರ್2 ಸ್ಟಿಕ್‌ಗಳು ಇಂಟೆಲ್ ಬೋರ್ಡ್‌ನಲ್ಲಿ ನಡೆಯುವುದಿಲ್ಲ. ಬೋರ್ಡ್‌ನ ಮಾಡೆಲ್ ನಂಬರ್ ಹೇಳಿಯೇ ಕೇಳಿ. ಹಳೆಯದಾದರೆ ಒಂದು ವಾರದೊಳಗೆ ವಾಪಸ್ ತೆಗೆದುಕೊಳ್ಳುವ ಮಾತು ಮಾಡಿಕೊಂಡು, ತಂದ ದಿನ ರಾತ್ರಿಯೇ ಮೆಮ್‌ಟೆಸ್ಟ್ ಹಾಕಿ.

ಸರಿಯಾದ ಮೇಲೆ ಉಳಿದ ಕೆಲಸ

ವಿಂಡೋಸ್ ಮತ್ತೆ ಹಾಕುವುದಿದ್ದರೆ ಅದಕ್ಕೆ ಸಮಯ ಈಗ. ತಮ್ಮ ಹಾಕಿಸಿದ್ದ ಎರಡೂ ಸಲ ಅದು ಕೆಟ್ಟ ರ್ಯಾಮ್ ಮೂಲಕವೇ ಡಿಸ್ಕ್‌ಗೆ ಹೋಗಿತ್ತು. ಅದರ ಸಿಸ್ಟಮ್ ಫೈಲುಗಳಲ್ಲೇ ತಪ್ಪು ಸೇರಿರಬಹುದಿತ್ತು. ಮತ್ತೆ ಹಾಕದಿದ್ದರೆ ವಿಂಡೋಸ್‌ನಲ್ಲೇ ಇರುವ ಚೆಕ್ ಡಿಸ್ಕ್, ಸಿಸ್ಟಮ್ ಫೈಲ್ ಚೆಕರ್ ಎರಡನ್ನೂ ಓಡಿಸಿ. ಆಮೇಲೆ ನೋಟ್‌ಬುಕ್ ತೆರೆದು, ಮೊದಲ ತೊಂದರೆ ಬಂದ ತಾರೀಖಿನಿಂದ ಈಚೆಗೆ ಸೇವ್ ಆದ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಿ. ನಾವು ಮೂರು ಸಂಜೆ ಕೂತು ನೋಡಿದೆವು. ಹನ್ನೊಂದು ಫೈಲ್ ಕೆಟ್ಟಿದ್ದವು. ಅದರಲ್ಲಿ ಎಂಟು ಹಳೆ ಬ್ಯಾಕಪ್‌ನಿಂದ ಸಿಕ್ಕವು.

ತೆಗೆದ ಸ್ಟಿಕ್ ಮೇಲೆ ಮಾರ್ಕರ್‌ನಲ್ಲಿ "ಕೆಟ್ಟದ್ದು" ಎಂದು ತಾರೀಖಿನ ಸಮೇತ ಬರೆಯಿರಿ. ಬಿಲ್ ಇದ್ದರೆ ವಾರಂಟಿ ಉಳಿದಿದೆಯಾ ನೋಡಿ, ರ್ಯಾಮ್‌ಗೆ ಕೆಲವು ಕಂಪನಿಗಳು ಬಹಳ ವರ್ಷದ ವಾರಂಟಿ ಕೊಟ್ಟಿರುತ್ತವೆ. ಇಲ್ಲದಿದ್ದರೆ ಇ‑ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಹೆಸರು ಬರೆಯದೆ ಡ್ರಾಯರ್‌ನಲ್ಲಿ ಹಾಕಿದರೆ, ಎರಡು ವರ್ಷದ ಮೇಲೆ ಯಾರೋ ಅದನ್ನು ಒಳ್ಳೆಯದು ಎಂದುಕೊಂಡು ಇನ್ನೊಂದು ಯಂತ್ರಕ್ಕೆ ಹಾಕುತ್ತಾರೆ.